ರಾತ್ರಿ ಹತ್ತರ ಕೊಲೆಗೊಂದು ಚಾನೆಲ್

2020ರ ಜೂನ್ 29ರ ಸಂಜೆ ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ ಚೀನಾದ 59 ಆ್ಯಪ್‌ಗಳ ಬಾಗಿಲು ಮುಚ್ಚಿಸಿತು. ಮರುದಿನವಿಡೀ ದೇಶದ ಬಾಯಲ್ಲಿ ಅದೇ ಮಾತು. ಕರ್ನಾಟಕದಲ್ಲಿ ರಾತ್ರಿ ಎಂಟಾದರೆ ಕರ್ಫ್ಯೂ. ಜನರೆಲ್ಲ ಮನೆಯೊಳಗೆ, ಟಿವಿಯ ಮುಂದೆ. ಆ ಮರುದಿನದ ಮಧ್ಯರಾತ್ರಿ ಅದೇ ಟಿವಿಯೊಳಗೆ ಇನ್ನೊಂದು ಬಾಗಿಲೂ ಮುಚ್ಚಿತು. ಎಎಕ್ಸ್‌ಎನ್ ಎಂಬ ಚಾನೆಲ್ ಭಾರತದಲ್ಲಿ ಪ್ರಸಾರ ನಿಲ್ಲಿಸಿತು. ಎರಡು ದಶಕ ಕಾಲ ರಾತ್ರಿಗೊಂದರಂತೆ ಹೆಣ ಉರುಳಿಸಿದ ಚಾನೆಲ್ಲು ತಾನೇ ಸತ್ತಾಗ ಪಂಚನಾಮೆಗೂ ಯಾರೂ ಬರಲಿಲ್ಲ.

ಆ ಪಂಚನಾಮೆಯನ್ನು ಈಗ ಮಾಡಿದರೂ ತಡವೇನಲ್ಲ. ಸತ್ತದ್ದು ಇಂಗ್ಲಿಷ್ ಚಾನೆಲ್ಲೇ ಇರಬಹುದು, ಆದರೆ ಅಲ್ಲಿ ಸಿಗುವ ಸುಳಿವುಗಳೆಲ್ಲ ಕೈ ತೋರಿಸುವುದು ಕನ್ನಡದ ಟಿವಿಯ ಕಡೆಗೆ.

ಸೋನಿ ಪಿಕ್ಚರ್ಸ್ ಕಂಪನಿ ಏಷ್ಯಾದಲ್ಲಿ ಎಎಕ್ಸ್‌ಎನ್ ಶುರು ಮಾಡಿದ್ದು 1997ರಲ್ಲಿ. ಹೊಡೆದಾಟ, ಪತ್ತೇದಾರಿಕೆ, ಸಾಹಸ ಇವಿಷ್ಟೇ ಅದರ ಅಂಗಡಿಯ ಸಾಮಾನು. ಅತ್ತೆ-ಸೊಸೆ ಇಲ್ಲ, ವಾರ್ತೆ ಇಲ್ಲ, ಭಕ್ತಿಗೀತೆ ಇಲ್ಲ. ಅದು ಭಾರತದ ಕೇಬಲ್ಲಿಗೆ ಇಳಿಯುವ ವೇಳೆಗೆ, 1994ರಲ್ಲಿ ಬಂದ ಉದಯ ಟಿವಿ ಕನ್ನಡದ ಮನೆಗಳಿಗೆ ಚೆನ್ನಾಗಿ ಒಗ್ಗಿತ್ತು. 2000ದ ಕೊನೆಗೆ ಈಟಿವಿ ಕನ್ನಡವೂ ಸೇರಿಕೊಂಡಿತು. ಸಂಜೆಯ ಹೊತ್ತೆಲ್ಲ ಇವುಗಳದ್ದೇ. ಧಾರಾವಾಹಿ ಮುಗಿದು, ವಾರ್ತೆ ಮುಗಿದು, ಊಟವಾಗಿ ಹಿರಿಯರು ಮಲಗಿದ ಮೇಲೆ ರಿಮೋಟ್ ಕೈ ಬದಲಾಗುತ್ತಿತ್ತು. ಮೊದಲ ಕೆಲಸ, ವಾಲ್ಯೂಮ್ ಇಳಿಸುವುದು. ಎರಡನೆಯದು, ಕೇಬಲ್‌ನವರು ಚಾನೆಲ್ಲನ್ನು ಇವತ್ತು ಯಾವ ನಂಬರಿಗೆ ಎತ್ತಿ ಹಾಕಿದ್ದಾರೆಂದು ಹುಡುಕುವುದು. ಕೆಲವು ರಾತ್ರಿ ಚಿತ್ರದ ಮೇಲೆ ಅಕ್ಕಿ ಕಾಳು ಚೆಲ್ಲಿದಂತೆ ಚುಕ್ಕೆ. ಕೊಲೆಗಾರ ಯಾರು ಎಂಬುದಕ್ಕಿಂತ, ತೆರೆಯ ಮೇಲಿರುವುದು ಗಂಡಸೋ ಹೆಂಗಸೋ ಎಂಬುದೇ ದೊಡ್ಡ ಪತ್ತೇದಾರಿಕೆ.

ಆ ದಿನಗಳಲ್ಲಿ ಈ ಚಾನೆಲ್ಲಿನ ಮುಖವೆಂದರೆ ಪತ್ತೇದಾರನದಲ್ಲ, ಒಬ್ಬ ಮಾಜಿ ವೇಗದ ಬೌಲರ್‌ನದು. 'ಹೂ ಡೇರ್ಸ್ ವಿನ್ಸ್' ಎಂಬ ಆಸ್ಟ್ರೇಲಿಯಾದ ಕಾರ್ಯಕ್ರಮದಲ್ಲಿ ಮೈಕ್ ವಿಟ್ನಿ ದಾರಿಹೋಕರನ್ನು ತಡೆದು, ಎತ್ತರದಿಂದ ಹಾರು, ಹಾವುಗಳ ನಡುವೆ ಕೈ ಹಾಕು ಎಂದು ಕೆಣಕುತ್ತಿದ್ದ. 1992ರಲ್ಲಿ ಪರ್ತ್ ಟೆಸ್ಟಿನ ಎರಡನೇ ಇನಿಂಗ್ಸಿನಲ್ಲಿ 27 ರನ್ನಿಗೆ 7 ವಿಕೆಟ್ ಕಿತ್ತು ಭಾರತವನ್ನು ಮಲಗಿಸಿದ್ದ ಎಡಗೈ ಬೌಲರ್ ಈತನೇ. ಸಚಿನ್ ಮೊದಲ ಇನಿಂಗ್ಸಿನಲ್ಲಿ ಹೊಡೆದ 114ನ್ನು ನೆನೆದು ನಿಟ್ಟುಸಿರು ಬಿಡುವವರಿಗೆ ಆ ಮುಖ ಮರೆಯುವಂಥದ್ದಲ್ಲ. ಇಲ್ಲಿ ನೋಡಿದರೆ ಆತ ನಗುನಗುತ್ತ ಜನರನ್ನು ಮೊಸಳೆಯ ಮುಂದೆ ನಿಲ್ಲಿಸುವ ಆಸಾಮಿ. ಜೊತೆಗಿದ್ದ ಟಾನಿಯಾ ಜೇಟಾ ಭಾರತದಲ್ಲಿ ಎಷ್ಟು ಪರಿಚಿತಳಾದಳೆಂದರೆ ಮುಂದೆ ಹಿಂದಿ ಸಿನಿಮಾದಲ್ಲೂ ಕಾಣಿಸಿಕೊಂಡಳು. 'ಫಿಯರ್ ಫ್ಯಾಕ್ಟರ್', 'ದಿ ಅಮೇಜಿಂಗ್ ರೇಸ್' ಬಂದದ್ದೂ ಇದೇ ದಾರಿಯಲ್ಲಿ. 2006ರಲ್ಲಿ ಚಾನೆಲ್ಲು 'ದಿ ಅಮೇಜಿಂಗ್ ರೇಸ್ ಏಷ್ಯಾ'ವನ್ನು ತಾನೇ ಮಾಡಿಸಿತು. ಇವೆಲ್ಲ ಮುಂದೆ ಹಿಂದಿಯ ಸಾಹಸ ಪ್ರದರ್ಶನಗಳಿಗೆ, ಅಲ್ಲಿಂದ ಕನ್ನಡದ ರಿಯಾಲಿಟಿ ಷೋಗಳಿಗೆ ಅಚ್ಚು ಒದಗಿಸಿದವು. ಜಿರಲೆ ತಿನ್ನಿಸುವ ಕಲೆ ನಮ್ಮಲ್ಲಿಗೆ ಬೇಗ ಬಂತು. ಕಥೆ ಹೇಳುವ ಕಲೆ ಬರಲಿಲ್ಲ.

ಈ ಚಾನೆಲ್ಲು ಹೇಳಿದ ಕಥೆಗಳಲ್ಲಿ ದೊಡ್ಡದು 'ಸಿಎಸ್‌ಐ'. ಅಮೆರಿಕದ ಸಿಬಿಎಸ್ ಜಾಲದಲ್ಲಿ 2000ದ ಅಕ್ಟೋಬರ್‌ನಲ್ಲಿ ಶುರುವಾಗಿ 15 ವರ್ಷ ನಡೆದ ಸರಣಿ. ಹುಟ್ಟಿಸಿದವನು ಆಂಟನಿ ಜೈಕರ್. ಅದಕ್ಕೂ ಮುಂಚೆ ಲಾಸ್ ವೇಗಾಸಿನಲ್ಲಿ ಟ್ರಾಂ ಓಡಿಸಿಕೊಂಡಿದ್ದವನು. ನಾಯಕ ಗಿಲ್ ಗ್ರಿಸಂ ಪಿಸ್ತೂಲಿಗಿಂತ ಹುಳುಗಳನ್ನು ಹೆಚ್ಚು ನಂಬುವ ಮನುಷ್ಯ. ಹೆಣದ ಮೇಲೆ ಕೂತ ನೊಣದ ಮರಿ ಎಷ್ಟು ಬೆಳೆದಿದೆ ಎಂದು ನೋಡಿ ಸಾವಿನ ಹೊತ್ತು ಹೇಳುತ್ತಿದ್ದ. ಪೊಲೀಸ್ ಎಂದರೆ ಲಾಠಿ ಬೀಸುವ, ಕೊನೆಯ ದೃಶ್ಯಕ್ಕೆ ಜೀಪಿನಲ್ಲಿ ಬಂದಿಳಿಯುವ ಪಾತ್ರ ಎಂದೇ ತಿಳಿದಿದ್ದ ಕಣ್ಣಿಗೆ, ಹತ್ತಿಯ ತುದಿಯಲ್ಲಿ ರಕ್ತದ ಕಲೆ ಒತ್ತಿ ತೆಗೆಯುವ ಪತ್ತೇದಾರ ಹೊಸಬ. ಇದರ ಮಯಾಮಿ ಕವಲಿನಲ್ಲಿ ಹೊರೇಷಿಯೊ ಕೇನ್ ಹೆಣದ ಪಕ್ಕ ನಿಂತು ಅರ್ಧ ವಾಕ್ಯ ಹೇಳಿ, ತಂಪುಕನ್ನಡಕ ಏರಿಸಿ, ಉಳಿದರ್ಧ ಹೇಳಿ ಹೊರಡುತ್ತಿದ್ದ. ಹಾಸ್ಟೆಲ್ಲಿನ ಹುಡುಗರು ಆ ಭಂಗಿಯನ್ನು ಮೆಸ್ಸಿನ ಸಾಂಬಾರಿನ ಮುಂದೆ ನಿಂತು ಅಭಿನಯಿಸುತ್ತಿದ್ದ ಕಾಲವೊಂದಿತ್ತು.

ಇಂಥ ಒಂದು ಕಂತನ್ನು ಹೇಗೆ ಕಟ್ಟುತ್ತಿದ್ದರು ಎಂಬುದನ್ನು ತುಸು ಹತ್ತಿರದಿಂದ ನೋಡಬೇಕು. ಒಂದು ತಾಸಿನ ಅವಧಿಯಲ್ಲಿ ಕಥೆಗೆ ಸಿಗುವುದು ಮುಕ್ಕಾಲು ತಾಸಿಗಿಂತ ತುಸು ಕಡಿಮೆ, ಉಳಿದದ್ದು ಜಾಹೀರಾತಿಗೆ. ಹೆಸರು ಬೀಳುವುದಕ್ಕೆ ಮುಂಚೆಯೇ ಹೆಣ ಸಿಗಬೇಕು. ಈಜುಕೊಳ ತೊಳೆಯಲು ಬಂದವನೋ, ನಾಯಿ ಸುತ್ತಾಡಿಸಲು ಹೊರಟವಳೋ ಎಡವಿ ನೋಡುತ್ತಾರೆ, ಅಲ್ಲಿ ಹೆಣ. ಪ್ರತಿ ಜಾಹೀರಾತಿನ ಮುಂಚೆ ಒಂದು ಗಂಟು ಬೀಳಬೇಕು: ಅನುಮಾನಿಸಿದವನ ಬೆರಳಚ್ಚು ಹೊಂದುವುದಿಲ್ಲ, ಸತ್ತವಳಿಗೆ ಎರಡು ಹೆಸರಿರುತ್ತದೆ. ಮೂವತ್ತನೇ ನಿಮಿಷದ ಸುಮಾರಿಗೆ ಹಿಡಿದವನು ತಪ್ಪು ಮನುಷ್ಯ ಎಂದು ತಿಳಿಯಬೇಕು. ಕೊನೆಯ ಐದು ನಿಮಿಷದಲ್ಲಿ ಗಂಟು ಬಿಚ್ಚಲೇಬೇಕು. 'ಮುಂದುವರಿಯುವುದು' ಎನ್ನುವ ಆಟವಿಲ್ಲ. ನೋಡುವವನು ಒಂದು ತಾಸು ಕೊಟ್ಟಿದ್ದಾನೆ, ಅವನಿಗೆ ಒಂದು ಇಡೀ ಕಥೆ ಸಲ್ಲಬೇಕು. ಬರವಣಿಗೆಯ ಕಟ್ಟುನಿಟ್ಟೆಲ್ಲ ಈ ಋಣದಿಂದ ಹುಟ್ಟಿದ್ದು. '24' ಎಂಬ ಸರಣಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂದು ದಿನದ ಕಥೆಯನ್ನು 24 ಕಂತಿಗೆ ಹಂಚಿ, ಜಾಹೀರಾತಿನ ನಿಮಿಷಗಳನ್ನೂ ಕಥೆಯ ಗಡಿಯಾರಕ್ಕೆ ಸೇರಿಸಿ ಎಣಿಸಿತು.

ಹಾಗೆಂದು ಚಾನೆಲ್ಲನ್ನು ಹೊಗಳಿ ಅಟ್ಟಕ್ಕೇರಿಸಬೇಕಿಲ್ಲ. ಹಾಕಿದ್ದನ್ನೇ ಹಾಕುವುದರಲ್ಲಿ ಅದು ನಿಸ್ಸೀಮ. ರಾತ್ರಿಯದು ಬೆಳಿಗ್ಗೆ, ಬೆಳಿಗ್ಗೆಯದು ಮಧ್ಯಾಹ್ನ, ಕಳೆದ ವರ್ಷದ್ದು ಈ ವರ್ಷ. ಅಮೆರಿಕದಲ್ಲಿ ಮುಗಿದುಹೋದ ಋತುಗಳು ಇಲ್ಲಿ 'ಹೊಚ್ಚಹೊಸ' ಆಗಿ ಇಳಿಯುತ್ತಿದ್ದವು. ಕಥೆ ಒಳ್ಳೆಯದೇ, ತಟ್ಟೆಗೆ ಬರುವಾಗ ಆರಿಹೋಗಿರುತ್ತಿತ್ತು. ಕಾಯಲಾರದವರು ಅಷ್ಟರಲ್ಲಿ ಟೊರೆಂಟಿನಿಂದ ಇಳಿಸಿಕೊಂಡು, ಪೆನ್‌ಡ್ರೈವಿನಲ್ಲಿ ಹಂಚಿಕೊಂಡು ನೋಡಿ ಮುಗಿಸಿರುತ್ತಿದ್ದರು.

ಈ ಚಾನೆಲ್ಲಿನ ಮೇಲೆ ಸರ್ಕಾರದ ಕಣ್ಣು ಬಿದ್ದದ್ದು ಒಮ್ಮೆ. ಆ ಕಥೆ ಸ್ವಾರಸ್ಯದ್ದು. 2007ರ ಜನವರಿಯಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಎಎಕ್ಸ್‌ಎನ್ ಪ್ರಸಾರಕ್ಕೆ ಎರಡು ತಿಂಗಳ ನಿಷೇಧ ಹೇರಿತು. ಆಗ ಸಚಿವರಾಗಿದ್ದವರು ಪ್ರಿಯರಂಜನ್ ದಾಸ್‌ಮುನ್ಶಿ. ಪ್ರತಿ ರಾತ್ರಿ ಹೆಣ ಸೀಳಿ ತೋರಿಸಿದ್ದಕ್ಕಲ್ಲ, ಗುಂಡಿನ ಮಳೆಗರೆದದ್ದಕ್ಕೂ ಅಲ್ಲ. ಜಗತ್ತಿನ ಮಾದಕ ಜಾಹೀರಾತುಗಳನ್ನು ಹೆಕ್ಕಿ ತೋರಿಸುವ 'ವರ್ಲ್ಡ್ಸ್ ಸೆಕ್ಸಿಯೆಸ್ಟ್ ಅಡ್ವರ್ಟೈಸ್‌ಮೆಂಟ್ಸ್' ಎಂಬ ಕಾರ್ಯಕ್ರಮಕ್ಕೆ. ಚಾನೆಲ್ಲು ಕ್ಷಮೆ ಕೇಳಿತು, ಅವಧಿ ಮುಗಿಯುವ ಮೊದಲೇ ನಿಷೇಧ ತೆರವಾಯಿತು. ಕೊಲೆಗೆ ಅಡ್ಡಿಯಿಲ್ಲ, ತೊಡೆಗೆ ಅಡ್ಡಿ ಎಂಬ ನಮ್ಮ ಸೆನ್ಸಾರಿನ ಹಳೇ ತಕ್ಕಡಿ ಉಪಗ್ರಹಕ್ಕೂ ಅದೇ ಆಗಿ ಉಳಿಯಿತು.

ಆದರೆ ಚಾನೆಲ್ಲನ್ನು ಕೊಂದದ್ದು ಸೆನ್ಸಾರ್ ಅಲ್ಲ. ಕೊಂದದ್ದು ಒಂದು ಫಾರ್ಮು.

2019ರ ಫೆಬ್ರವರಿಯಿಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಜಾರಿಗೆ ತಂದ ಹೊಸ ದರ ನೀತಿ ಹಲವರಿಗೆ ನೆನಪಿರಬಹುದು. 100 ಚಾನೆಲ್ಲಿಗೆ 130 ರೂಪಾಯಿ, ತೆರಿಗೆ ಸೇರಿ 153 ದಾಟಿತು. ಹಣ ಕೊಟ್ಟು ನೋಡುವ ಚಾನೆಲ್ಲುಗಳಿಗೆ ಬೇರೆಯೇ ದರ. ಕೇಬಲ್‌ನವರು ಕಿರುಅಕ್ಷರದ ಪಟ್ಟಿ ಹಿಡಿದು ಮನೆಬಾಗಿಲಿಗೆ ಬಂದರು. ಕನ್ನಡದ್ದೆಲ್ಲ ಇರಲಿ, ಕ್ರಿಕೆಟ್ ಇರಲಿ, ಮಕ್ಕಳ ಕಾರ್ಟೂನ್ ಒಂದಿರಲಿ. ಪೆನ್ನು ಇಂಗ್ಲಿಷ್ ಚಾನೆಲ್ಲುಗಳ ಸಾಲಿಗೆ ಬಂದಾಗ ಅಡುಗೆಮನೆಯಿಂದ ಕೇಳಿಬರುತ್ತಿದ್ದ ಮಾತು ಒಂದೇ: 'ಅದನ್ಯಾರು ನೋಡ್ತಾರೆ, ಬಿಡಿ.' ಮಲಗಿದ ಮೇಲೆ ಯಾರೋ ನೋಡುತ್ತಿದ್ದರು. ಆದರೆ ಬಿಲ್ಲು ಕಟ್ಟುವವರು ಅವರಲ್ಲ.

ಮೊದಲ ಸುಳಿವು ಇಲ್ಲಿದೆ. ಈ ಚಾನೆಲ್ಲು ಬದುಕಿದ್ದೇ ಎಡವಿ ಬಿದ್ದವರಿಂದ. ರಿಮೋಟ್ ಒತ್ತುತ್ತ ಹೋಗುವವನು ಅರ್ಧ ಕಥೆಗೆ ಸಿಕ್ಕಿಬಿದ್ದು ಅಲ್ಲೇ ಕೂರುತ್ತಿದ್ದ. ಬೇಕೆಂದು ಮೊದಲೇ ಗುರುತು ಹಾಕಿ ಕೊಳ್ಳುವ ಪದ್ಧತಿ ಬಂದಾಗ, ಎಡವುವ ದಾರಿಯೇ ಇಲ್ಲವಾಯಿತು. ಅಷ್ಟರಲ್ಲಿ ಕೊಂಡು ನೋಡುವ ಮನಸ್ಸಿದ್ದವರು ಬೇರೆಡೆಗೆ ಹೋಗಿದ್ದರು. ನೆಟ್‌ಫ್ಲಿಕ್ಸ್ 2016ರ ಜನವರಿಯಲ್ಲಿ ಬಂತು, ಅದೇ ಸೆಪ್ಟೆಂಬರ್‌ನಲ್ಲಿ ಜಿಯೊ, ಡಿಸೆಂಬರ್‌ನಲ್ಲಿ ಪ್ರೈಮ್ ವಿಡಿಯೊ. 2017ರ ಜೂನ್‌ನಲ್ಲಿ ಇದೇ ಜಾತಿಯ ಫಾಕ್ಸ್ ಕ್ರೈಂ, ಎಫ್‌ಎಕ್ಸ್ ಮುಚ್ಚಿದ್ದವು. 2020ರಲ್ಲಿ ಕೊರೊನಾ ಬಂದು ಜಾಹೀರಾತಿನ ನಲ್ಲಿಯೂ ಬತ್ತಿತು. ಎಎಕ್ಸ್‌ಎನ್ ಜೂನ್‌ನಲ್ಲಿ ಹೋದರೆ ಎಚ್‌ಬಿಒ ಡಿಸೆಂಬರ್‌ನಲ್ಲಿ ಹೋಯಿತು.

ವ್ಯಂಗ್ಯವೆಂದರೆ, ಸಾಯುವ ಕೆಲ ವರ್ಷ ಮುಂಚೆ ಎಎಕ್ಸ್‌ಎನ್ ಜಾಲ ತಾನೇ ದುಡ್ಡು ಹಾಕಿ ಒಳ್ಳೆಯ ಥ್ರಿಲ್ಲರ್ ಮಾಡುವುದನ್ನು ಕಲಿತಿತ್ತು. 2017ರ 'ಆ್ಯಬ್ಸೆಂಟಿಯಾ' ಅಂಥದ್ದು. ಸತ್ತಳೆಂದು ತೀರ್ಮಾನವಾಗಿದ್ದ ಎಫ್‌ಬಿಐ ಅಧಿಕಾರಿಯೊಬ್ಬಳು ಆರು ವರ್ಷದ ಮೇಲೆ ಜೀವಂತ ಸಿಗುತ್ತಾಳೆ; ಗಂಡ ಮರುಮದುವೆಯಾಗಿದ್ದಾನೆ, ಮಗ ಗುರುತಿಸುವುದಿಲ್ಲ, ಹೊಸ ಕೊಲೆಗಳ ಅನುಮಾನ ಅವಳ ಮೇಲೇ ತಿರುಗುತ್ತದೆ. ಕಥೆ ಬಾಸ್ಟನ್ನಿನದು, ಚಿತ್ರೀಕರಣವಾದದ್ದು ಬಲ್ಗೇರಿಯಾದಲ್ಲಿ. ಆದರೆ ಅಮೆರಿಕದವರು ಅದನ್ನು ಕಂಡದ್ದು ಪ್ರೈಮ್ ವಿಡಿಯೊದಲ್ಲಿ. ಚಾನೆಲ್ಲಿನ ಕೂಸನ್ನು ಆಡಿಸಿದ್ದು ಅದರ ಎದುರಾಳಿಯೇ.

ಹಾಗಾದರೆ ಅಳುವುದೇಕೆ, ಸರಣಿಗಳೆಲ್ಲ ಮೊಬೈಲಿನಲ್ಲೇ ಇವೆಯಲ್ಲ ಎಂದು ಕೇಳಬಹುದು. ಇಂಗ್ಲಿಷ್ ಬಲ್ಲ, ತಿಂಗಳ ಚಂದಾ ಕಟ್ಟಬಲ್ಲ ಮನೆಗಳಿಗೆ ನಷ್ಟವೇನೂ ಆಗಿಲ್ಲ. ಅವರ ಕಷ್ಟವೇ ಬೇರೆ: ಯಾವುದು ನೋಡುವುದೆಂದು ಅರ್ಧ ತಾಸು ತಡಕಾಡಿ, ಏನೂ ನೋಡದೆ ಮಲಗುವುದು. ಅಳಬೇಕಾದ ವಿಷಯ ಇನ್ನೊಂದಿದೆ. ಇಷ್ಟು ವರ್ಷ ಪಕ್ಕದ ನಂಬರಿನಲ್ಲೇ ಇಂಥ ಶಾಲೆಯೊಂದು ನಡೆಯುತ್ತಿದ್ದರೂ ಕನ್ನಡದ ಚಾನೆಲ್ಲುಗಳು ಅದರಿಂದ ಪಾಠ ಕಲಿಯಲಿಲ್ಲ.

ಕನ್ನಡಿಗನಿಗೆ ಈ ರುಚಿ ಇಲ್ಲವೆಂದು ಹೇಳುವ ಹಾಗಿಲ್ಲ. ಎನ್. ನರಸಿಂಹಯ್ಯ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು; ಅವರ 'ಪತ್ತೇದಾರ ಪುರುಷೋತ್ತಮ' ಬಾಡಿಗೆ ಲೈಬ್ರರಿಗಳಲ್ಲಿ ಪುಟ ಹರಿಯುವ ತನಕ ಓಡಿದ. ಕನ್ನಡ ಓದುವ ಚಟ ಹತ್ತಿದ್ದೇ ಅವನಿಂದ ಎನ್ನುವ ಹಿರಿಯರು ಊರೂರಲ್ಲಿದ್ದಾರೆ. ಇನ್ನು ಪತ್ತೇದಾರಿ ಎಂದರೆ ಕೀಳು ಎಂದು ಮೂಗು ಮುರಿಯುವವರಿಗೆ ಪೂರ್ಣಚಂದ್ರ ತೇಜಸ್ವಿಯವರೇ ಉತ್ತರ. 'ಚಿದಂಬರ ರಹಸ್ಯ' ಏಲಕ್ಕಿ ವಿಜ್ಞಾನಿಯೊಬ್ಬನ ಸಾವಿನ ಸುತ್ತ ಹೆಣೆದ ಕಥೆ. 1987ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1994ರ 'ಜುಗಾರಿ ಕ್ರಾಸ್' ನೋಡಿ. ಸುರೇಶ, ಗೌರಿ ಎಂಬ ಎಳೆ ದಂಪತಿ ಏಲಕ್ಕಿ ಮಾರಲು ಹೊರಟವರು ಹೆಚ್ಚುಕಡಿಮೆ ಒಂದೇ ದಿನದಲ್ಲಿ ಕಳ್ಳದಂಧೆಯ ಸುಳಿಗೆ ಸಿಕ್ಕಿಬಿದ್ದು, ಮಲೆನಾಡಿನ ಕಾಡು, ರೈಲುಗಳ ನಡುವೆ ಜೀವ ಹಿಡಿದು ಓಡುತ್ತಾರೆ. ಗಡಿಯಾರದ ಮುಳ್ಳಿಗೆ ಕಥೆ ಕಟ್ಟುವ '24' ಹುಟ್ಟಿದ್ದು ಇದರ ಏಳು ವರ್ಷದ ನಂತರ.

ಸಿನಿಮಾದವರು ಈ ರುಚಿಯ ಋಣವನ್ನು ಆಗೀಗ ತೀರಿಸುತ್ತ ಬಂದಿದ್ದಾರೆ. ಸುನಿಲ್ ಕುಮಾರ್ ದೇಸಾಯಿ 'ತರ್ಕ' ಮಾಡಿದ್ದು 1989ರಲ್ಲಿ. 1993ರ 'ನಿಷ್ಕರ್ಷ'ದಲ್ಲಿ ಬ್ಯಾಂಕಿಗೆ ನುಗ್ಗಿದ ದರೋಡೆಕೋರರನ್ನೂ ಹೊರಗೆ ನಿಂತ ಪೊಲೀಸರನ್ನೂ ಒಂದೇ ಕಟ್ಟಡದ ಸುತ್ತ ಕಟ್ಟಿಹಾಕಿ ಗೆದ್ದರು. ಆಮೇಲೆ 'ರಂಗಿತರಂಗ', 'ಯು ಟರ್ನ್', 'ಕವಲುದಾರಿ', 'ಬೆಲ್ ಬಾಟಂ'. ಬೆಂಗಳೂರಿನ ಒಂದು ಮೇಲ್ಸೇತುವೆಯ ತಿರುವು ಸಾಕು, ಅದರಿಂದಲೇ ಬೆನ್ನುಹುರಿ ನಡುಗಿಸಬಹುದು ಎಂದು 'ಯು ಟರ್ನ್' ತೋರಿಸಿತು.

ಟಿವಿಯಲ್ಲಿ? ಟಿ.ಎನ್. ಸೀತಾರಾಂ ಕೋರ್ಟಿನ ದೃಶ್ಯಗಳಿಂದ ಜನರನ್ನು ಕುರ್ಚಿಯ ತುದಿಗೆ ತಂದಿದ್ದರು. ಅವರ ಸಿಎಸ್‌ಪಿ ಎಂಬ ವಕೀಲ ಪಾಟೀಸವಾಲಿಗೆ ಎದ್ದರೆ ಒಲೆಯ ಮೇಲಿನ ಹಾಲು ಉಕ್ಕುವುದೂ ತಿಳಿಯುತ್ತಿರಲಿಲ್ಲ. ಒಬ್ಬ ಮನುಷ್ಯ ನಿಂತು ಪ್ರಶ್ನೆ ಕೇಳುವುದರಲ್ಲೇ ಎಷ್ಟು ರೋಮಾಂಚನ ಇದೆಯೆಂದು ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ಅದು ಸೀತಾರಾಂ ಒಬ್ಬರ ಕೈಗುಣವಾಗಿ ಉಳಿಯಿತೇ ಹೊರತು ಚಾನೆಲ್ಲುಗಳ ಪದ್ಧತಿಯಾಗಲಿಲ್ಲ. ಹಿಂದಿಯ 'ಸಿಐಡಿ' 1998ರಿಂದ 2018ರವರೆಗೆ ಓಡಿ, ಮತ್ತೆ 2024ರ ಕೊನೆಗೆ ಎದ್ದು ಬಂತು. ಕನ್ನಡದಲ್ಲಿ ಅಷ್ಟು ಕಾಲ ನಿಂತ ಪತ್ತೇದಾರನ ಹೆಸರು ಹೇಳಿ ಎಂದರೆ ತಲೆ ಕೆರೆದುಕೊಳ್ಳಬೇಕು. 'ಶಾಂತಂ ಪಾಪಂ'ನಂಥ ಪ್ರಯತ್ನಗಳು ಇಲ್ಲವೆಂದಲ್ಲ. ಅವು ನಡೆದ ಅಪರಾಧಗಳ ಜಾಡು ಹಿಡಿದು ನೀತಿ ಹೇಳುವ ಕಥೆಗಳು. ಕಟ್ಟಿದ ಪಾತ್ರ, ಬೆಳೆಯುವ ಪತ್ತೇದಾರ ಅಲ್ಲಿಲ್ಲ.

ಮುಖ್ಯ ಸುಳಿವು ಇದೇ. ಭಯವನ್ನು ಕೂತಲ್ಲೇ ಅನುಭವಿಸುವ ಆಸೆ ಮನುಷ್ಯನಿಗೆ ಇದ್ದದ್ದೇ. ಕಲ್ಪಿತ ಕೊಲೆ ಸಿಗದಿದ್ದರೆ ಟಿವಿ ನಿಜದ ಕೊಲೆಯನ್ನು ಬಡಿಸುತ್ತದೆ. ರವಿ ಬೆಳಗೆರೆ ಈಟಿವಿಯ 'ಕ್ರೈಂ ಡೈರಿ'ಯಲ್ಲಿ ತಗ್ಗಿದ ದನಿಯಲ್ಲಿ ಕಥೆ ಹೇಳುತ್ತ ಆ ಹಸಿವು ಎಷ್ಟಿದೆಯೆಂದು ತೋರಿಸಿದರು. ಸುದ್ದಿವಾಹಿನಿಗಳು ಬಂದ ಮೇಲೆ ಅದು ಉದ್ಯಮವಾಯಿತು. ಖಾನಾಪುರ ಮೂಲದ ನಕಲಿ ಛಾಪಾ ಕಾಗದದ ದಂಧೆಕೋರ ಅಬ್ದುಲ್ ಕರೀಂ ತೆಲಗಿಯನ್ನು ಬೆಂಗಳೂರಿನಲ್ಲಿ ಮಂಪರು ಪರೀಕ್ಷೆಗೆ ಮಲಗಿಸಿದ್ದ ವಿಡಿಯೊ 2006ರಲ್ಲಿ ಟಿವಿಗಳಲ್ಲಿ ಬಿತ್ತರವಾಯಿತು. ಅರೆಪ್ರಜ್ಞೆಯಲ್ಲಿ ಗೊಣಗುವ ಮನುಷ್ಯ, ಅವನ ಬಾಯಿಂದ ದೊಡ್ಡ ದೊಡ್ಡವರ ಹೆಸರು. ಯಾವ ಥ್ರಿಲ್ಲರ್ ಬರಹಗಾರನೂ ಬರೆಯಲು ಹೆದರುವ ದೃಶ್ಯ ಜನರ ಊಟದ ಹೊತ್ತಿಗೆ ನಡುಮನೆಗೆ ಬಂತು. ವ್ಯಕ್ತಿಯ ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆ ಮಾಡುವುದು ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2010ರಲ್ಲಿ, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ. ಕೋರ್ಟು ತಡೆಯಿತು, ಟಿವಿಯ ಚಪಲ ತಡೆಯಲಿಲ್ಲ. 2024ರ ಜೂನ್‌ನಲ್ಲಿ ನಟ ದರ್ಶನ್ ಬಂಧನವಾದ ಕೊಲೆ ಪ್ರಕರಣವನ್ನು ಸುದ್ದಿವಾಹಿನಿಗಳು ವಾರಗಟ್ಟಲೆ ಕಂತು ಕಂತಾಗಿ, ಹಿನ್ನೆಲೆ ಸಂಗೀತ ಸಮೇತ ನಡೆಸಿದ ರೀತಿ ಯಾರೂ ಮರೆತಿಲ್ಲ.

ಕಲ್ಪಿತ ಕಥೆಯಲ್ಲಿ ಸತ್ತವನಿಗೆ ತಾಯಿ ಇರುವುದಿಲ್ಲ. ನಿಜದ ಪ್ರಕರಣದಲ್ಲಿ ಇರುತ್ತಾಳೆ; ಟಿವಿ ನೋಡುತ್ತಲೂ ಇರುತ್ತಾಳೆ.

'ಸಿಎಸ್‌ಐ' ಹೇಳಿದ ಸುಳ್ಳುಗಳೂ ಕಡಿಮೆಯಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಅಲ್ಲಿ ಡಿಎನ್‌ಎ ಫಲಿತಾಂಶ ಜಾಹೀರಾತು ಮುಗಿಯುವಷ್ಟರಲ್ಲಿ ಬರುತ್ತದೆ. ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಮಾದರಿ ಕಳಿಸಿದ ತನಿಖಾಧಿಕಾರಿಗೆ ಅಂಥ ಭಾಗ್ಯವಿಲ್ಲ. ಅಮೆರಿಕದಲ್ಲಂತೂ ಜ್ಯೂರಿ ಸದಸ್ಯರು ಟಿವಿ ನೋಡಿ ಬಂದು, ಎಲ್ಲ ಮೊಕದ್ದಮೆಗೂ ಪ್ರಯೋಗಾಲಯದ ಸಾಕ್ಷಿ ಬೇಕೆಂದು ನಿರೀಕ್ಷಿಸುತ್ತಾರೆ ಎಂಬ ದೂರಿಗೆ 'ಸಿಎಸ್‌ಐ ಪರಿಣಾಮ' ಎಂಬ ಹೆಸರೇ ಬಿತ್ತು. ಆದರೂ ಹೊಡೆದು ಬಾಯಿ ಬಿಡಿಸುವುದೇ ತನಿಖೆ ಎಂದು ತೋರಿಸುವ ನಮ್ಮ ತೆರೆಗಳಿಗೆ ಹೋಲಿಸಿದರೆ, ಸಾಕ್ಷ್ಯವಿಲ್ಲದೆ ಯಾರನ್ನೂ ಮುಟ್ಟಬಾರದು ಎಂಬ ಆ ಸುಳ್ಳೇ ಮೇಲು.

ಕನ್ನಡದ ಚಾನೆಲ್ಲಿನವರನ್ನು ಕೇಳಿದರೆ ಲೆಕ್ಕ ಮುಂದಿಡುತ್ತಾರೆ. ಆ ಲೆಕ್ಕ ಸುಳ್ಳಲ್ಲ. ದಿನದ ಧಾರಾವಾಹಿಗೆ ಒಂದು ಮನೆಯ ಸೆಟ್ಟು ಹಾಕಿದರೆ ವರ್ಷಗಟ್ಟಲೆ ಸಾಕು. ದಿನಕ್ಕೊಂದು ಕಂತಿನ ಲೆಕ್ಕದಲ್ಲಿ ಚಿತ್ರೀಕರಣ ಸಾಗುತ್ತದೆ. 2013ರಲ್ಲಿ ಶುರುವಾದ 'ಅಗ್ನಿಸಾಕ್ಷಿ' ಸಾವಿರ ಕಂತು ದಾಟಿ ಓಡಿತು. ಥ್ರಿಲ್ಲರಿಗೆ ಹಾಗಲ್ಲ. ಪ್ರತಿ ಕಂತಿಗೂ ಹೊಸ ಜಾಗ, ಹೊಸ ಮುಖ. ಎಲ್ಲಕ್ಕಿಂತ ಹೆಚ್ಚಾಗಿ, ಮೊದಲ ಕಂತಿಗೆ ಮುಂಚೆಯೇ ಕೊನೆಯ ಕಂತು ಬರೆದಿರಬೇಕು. ನಾಳಿನ ದೃಶ್ಯವನ್ನು ಇವತ್ತು ರಾತ್ರಿ ಬರೆದು ಸೆಟ್ಟಿಗೆ ಕಳಿಸುವ ಪದ್ಧತಿಯಲ್ಲಿ ಕೊಲೆಗಾರ ಯಾರೆಂದು ಬರಹಗಾರನಿಗೇ ಗೊತ್ತಿರುವುದಿಲ್ಲ. ಟಿಆರ್‌ಪಿ ಇಳಿದರೆ ಕೊಲೆಗಾರ ಒಳ್ಳೆಯವನಾಗಿ, ಸತ್ತವಳು ಪ್ಲಾಸ್ಟಿಕ್ ಸರ್ಜರಿ ಮಾಡಿಸಿಕೊಂಡು ವಾಪಸ್ ಬರುತ್ತಾಳೆ.

ಆದರೆ ಹಣವಿಲ್ಲ ಎನ್ನುವ ಮಾತನ್ನು ಪೂರ್ತಿ ನಂಬಲಾಗದು. ನೂರು ದಿನ ಒಂದು ಮನೆಯ ಮೂಲೆಮೂಲೆಗೂ ಕ್ಯಾಮೆರಾ ಇಟ್ಟು, ಸೂಪರ್‌ಸ್ಟಾರ್ ಒಬ್ಬರನ್ನು ವಾರದ ಕೊನೆಗೆ ತಂದು ನಿಲ್ಲಿಸುವಷ್ಟು ಹಣ ಇದೇ ಚಾನೆಲ್ಲುಗಳಲ್ಲಿ ಇದೆ. ಇಲ್ಲದಿರುವುದು ಬರಹಗಾರನ ಮೇಲೆ ಹೂಡುವ ಧೈರ್ಯ. ಅಷ್ಟಕ್ಕೂ ಕನ್ನಡಕ್ಕೆ ಡಬ್ಬಿಂಗ್ ಬಾರದಂತೆ ದಶಕಗಳ ಕಾಲ ತಡೆದದ್ದೇ ನಮ್ಮದೇ ಕಥೆಗಳು ಬೆಳೆಯಲಿ ಎಂದು. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ 2015ರಲ್ಲಿ ಸ್ಪರ್ಧಾ ಆಯೋಗ ಆ ತಡೆ ಸಲ್ಲದು ಎಂದಿತು. 2020ರ ಲಾಕ್‌ಡೌನಿನಲ್ಲಿ ಹಿಂದಿಯ 'ಮಹಾಭಾರತ' ಕನ್ನಡ ಮಾತಾಡಿ ಮನೆಮನೆ ಗೆದ್ದಿತು. ತಡೆಯಿದ್ದಾಗ ಹುಟ್ಟದ ಕನ್ನಡದ ಥ್ರಿಲ್ಲರ್ ಸರಣಿ, ತಡೆ ಹೋದ ಮೇಲಾದರೂ ಸ್ಪರ್ಧೆಯ ಬಿಸಿಗೆ ಹುಟ್ಟಬೇಕಿತ್ತು. ಹುಟ್ಟಲಿಲ್ಲ.

ಒಟಿಟಿ ಕೈಹಿಡಿಯುತ್ತದೆ ಎಂಬ ಆಸೆಯೂ ಬಹುಕಾಲ ಆಸೆಯಾಗಿಯೇ ಇತ್ತು. ಕರಾವಳಿಯ ಏಳು ಕಥೆಗಳ 'ಏಕಂ' ಸರಣಿಯನ್ನು ಮಾಡಿಟ್ಟುಕೊಂಡ ರಕ್ಷಿತ್ ಶೆಟ್ಟಿಯವರ ಪರಂವಃ ಸ್ಟುಡಿಯೋಸ್, ಕೊಳ್ಳುವ ವೇದಿಕೆ ಸಿಗದೆ, 2024ರ ಜುಲೈಯಲ್ಲಿ ತನ್ನದೇ ವೆಬ್‌ಸೈಟಿನಲ್ಲಿ ಟಿಕೆಟ್ ಇಟ್ಟು ತೋರಿಸಿತು. ರಾಜ್ ಬಿ. ಶೆಟ್ಟಿ, ಪ್ರಕಾಶ್ ರಾಜ್ 'ಏಕಂ'ನಲ್ಲಿದ್ದರೂ ಈ ಪಾಡು. 2025ರಲ್ಲಿ 'ಅಯ್ಯನ ಮನೆ', 'ಶೋಧ' ಜೀ5ಗೆ ಬಂದ ಮೇಲೆ ಗಾಳಿ ತುಸು ತಿರುಗಿದಂತಿದೆ. ಎರಡೂ ಬೆನ್ನಟ್ಟಿ ನೋಡಿಸಿಕೊಳ್ಳುವ ಜಾತಿಯವು, ಎರಡೂ ಬೇಗ ಮುಗಿಯುವಂಥವು. ಆದರೆ ಅವೂ ಮೊಬೈಲಿನೊಳಗಿನ ಮಾತು. ರಾತ್ರಿ ಊಟ ಮುಗಿಸಿ ಮನೆಮಂದಿ ಒಟ್ಟಿಗೆ ಕೂರುವ ನಡುಮನೆಗೆ ಅವು ತಾವಾಗಿ ಬರುವುದಿಲ್ಲ.

ಆದ್ದರಿಂದ ಕನ್ನಡದ ಮನರಂಜನಾ ವಾಹಿನಿಗಳನ್ನು ನಡೆಸುವವರಲ್ಲಿ ಕೋರಿಕೆ ದೊಡ್ಡದೇನಲ್ಲ. ಇಡೀ ಚಾನೆಲ್ ಬೇಡ, ಎಎಕ್ಸ್‌ಎನ್ನಿನ ಗತಿ ಕಣ್ಣಮುಂದಿದೆ. ವಾರಕ್ಕೊಂದು ತಾಸು ಕೊಡಿ. ಶನಿವಾರವೋ ಭಾನುವಾರವೋ, ರಾತ್ರಿ ಹತ್ತಕ್ಕಾದರೂ ಸರಿ. ಹತ್ತು ವಾರ, ಒಂದೇ ಕಥೆ, ಬರೆದು ಮುಗಿಸಿದ ಮೇಲೆಯೇ ಚಿತ್ರೀಕರಣ. ಟಿಆರ್‌ಪಿ ಏರಿದರೂ ಹನ್ನೊಂದನೇ ವಾರಕ್ಕೆ ಎಳೆಯಬೇಡಿ, ಇಳಿದರೂ ಆರನೇ ವಾರಕ್ಕೆ ಕತ್ತು ಹಿಸುಕಬೇಡಿ. ಬರೆಯುವವರು ಬೆಂಗಳೂರಿನಲ್ಲಿ, ಮಂಗಳೂರಿನಲ್ಲಿ, ಧಾರವಾಡದಲ್ಲಿ ಬೇಕಾದಷ್ಟಿದ್ದಾರೆ. ಜಾಗ ಹುಡುಕುವ ಖರ್ಚೂ ಇಲ್ಲ: ಸಕಲೇಶಪುರದ ಸುರಂಗಗಳಿವೆ, ಕೋಲಾರದ ಮುಚ್ಚಿದ ಚಿನ್ನದ ಗಣಿಯಿದೆ, ಮಳೆಗಾಲದ ಆಗುಂಬೆಯಿದೆ. ಮೊದಲ ಹೆಣ ಎಲ್ಲಿ ಸಿಗಬೇಕು ಎಂಬುದನ್ನು ಬರಹಗಾರರಿಗೆ ಬಿಟ್ಟುಬಿಡಿ.